ಡಿಪ್‌ಸ್ಟಿಕ್ ಮೇಲೆ ಬರೆದ ಹೆಸರು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ‘ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಆಯಿಲ್ ಕೊಡಿ’ ಎಂದು ಕೇಳಿದರೆ ಕೌಂಟರಿನಲ್ಲಿರುವವರು ‘ಯಾವ ಗಾಡಿ ಸಾರ್, ಯಾವ ಇಸವಿ?’ ಎನ್ನುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಗಾಡಿಗೆ ಇಪ್ಪತ್ತೈದು ವರ್ಷ ತುಂಬಿದ್ದರೆ ಇದಕ್ಕೆ ಉತ್ತರ ಕೊಟ್ಟ ಮೇಲೂ ತೊಡಕು ಉಳಿಯುತ್ತದೆ. ಕಾರಿನ ಕೈಪಿಡಿಯಲ್ಲಿ ‘ಡೆಕ್ಸ್‌ರಾನ್ 2’ ಎಂದು ಅಚ್ಚಾಗಿರುತ್ತದೆ, ಕಪಾಟಿನಲ್ಲಿ ಇರುವುದು ಡೆಕ್ಸ್‌ರಾನ್ 6. ಪಕ್ಕದಲ್ಲೇ ಇನ್ನೊಂದು ಡಬ್ಬಿ, ಅದರ ಬೆನ್ನ ಮೇಲೆ ಇಪ್ಪತ್ತು ಮೂವತ್ತು ಹೆಸರು, ‘ಎಲ್ಲಕ್ಕೂ ಆಗುತ್ತದೆ’ ಎಂಬ ಭರವಸೆ. ಅಮೆರಿಕದಲ್ಲಿ ಹಳೆಯ ಕ್ಯಾಮ್ರಿಯನ್ನೋ ಅಕಾರ್ಡನ್ನೋ ಇನ್ನೂ ಜತನದಿಂದ ಓಡಿಸುತ್ತಿರುವ ನಮ್ಮವರೂ ಅಲ್ಲಿನ ಅಂಗಡಿಯ ಕಪಾಟಿನ ಮುಂದೆ ಹೀಗೇ ನಿಂತಿರುತ್ತಾರೆ. ಕೈಪಿಡಿ ಹೇಳಿದ ದ್ರವ ಇಂದು ಆ ಹೆಸರಿನಲ್ಲಿ ತಯಾರಾಗುತ್ತಿಲ್ಲ. ಹಾಗಾದರೆ ಅದರ ಜಾಗಕ್ಕೆ ಬರಬೇಕಾದದ್ದು ಯಾವುದು?

ಈ ಪ್ರಶ್ನೆಯನ್ನು ‘ಯಾವುದು ಒಳ್ಳೆಯ ಆಯಿಲ್’ ಎಂದು ಕೇಳುವುದರಿಂದಲೇ ತಪ್ಪು ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಆಯಿಲಿನಲ್ಲಿ ಹೆಚ್ಚು ಬೆಲೆಯದು, ಹೊಸ ದರ್ಜೆಯದು ಹಾಕಿದರೆ ಸಾಮಾನ್ಯವಾಗಿ ಕೇಡಾಗುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವ ಆ ಜಾತಿಯದಲ್ಲ. ಅದು ಗೇರ್‌ಬಾಕ್ಸಿನೊಳಗಿನ ಒಂದು ಬಿಡಿಭಾಗ. ಬೇರೆ ಅಳತೆಯ ಬೇರಿಂಗ್ ಎಷ್ಟೇ ಉತ್ತಮವಾಗಿದ್ದರೂ ನಮ್ಮ ಗಾಡಿಗೆ ಕೂರುವುದಿಲ್ಲವಲ್ಲ, ಇದೂ ಹಾಗೆ.

ಏಕೆಂದರೆ ಇದರ ಕೆಲಸ ಜಾರಿಸುವುದು ಮಾತ್ರವಲ್ಲ, ಹಿಡಿಯುವುದೂ ಹೌದು. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ಗೇರುಗಳಿಗೆ ದಾಟಿಸುವುದು ಈ ದ್ರವ. ವಾಲ್ವ್ ಬಾಡಿಯ ಸಣ್ಣ ಕಾಲುವೆಗಳಲ್ಲಿ ಹರಿದು ಒತ್ತಡದಿಂದ ಗೇರು ಬದಲಾಯಿಸುವುದು, ಶಾಖವನ್ನು ಕೂಲರಿಗೆ ಹೊತ್ತೊಯ್ಯುವುದು, ಬೇರಿಂಗುಗಳನ್ನು ಸವೆಯದಂತೆ ಕಾಯುವುದು ಇದೇ ದ್ರವದ ಪಾಲಿಗೆ ಬಿದ್ದ ಕೆಲಸಗಳು. ಇವೆಲ್ಲದರ ನಡುವೆ ಕ್ಲಚ್ ಪ್ಲೇಟುಗಳು ಇದರಲ್ಲೇ ಮುಳುಗಿದ್ದು, ಗೇರು ಬೀಳುವ ಹೊತ್ತಿನಲ್ಲಿ ಒಂದನ್ನೊಂದು ಕಚ್ಚಿ ಹಿಡಿಯಬೇಕು. ಎಷ್ಟು ಬೇಗ, ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ನಿರ್ಧರಿಸುವುದು ದ್ರವಕ್ಕೆ ಬೆರೆಸಿದ ಘರ್ಷಣೆ ನಿಯಂತ್ರಕ ರಾಸಾಯನಿಕಗಳು. ಪ್ಲೇಟುಗಳು ಇನ್ನೂ ಜಾರುತ್ತಿರುವಾಗ ಇರುವ ಘರ್ಷಣೆ ಒಂದು ಬಗೆಯದು, ಪೂರ್ತಿ ಕಚ್ಚಿ ನಿಂತಾಗ ಇರುವುದು ಇನ್ನೊಂದು ಬಗೆಯದು. ಇವೆರಡರ ಅನುಪಾತವನ್ನು ಲೆಕ್ಕ ಹಾಕಿಯೇ ಕಂಪನಿಯವರು ಪ್ಲೇಟಿನ ಕಾಗದದಂಥ ಲೇಪನ, ಸ್ಪ್ರಿಂಗು, ಒತ್ತಡ ಎಲ್ಲವನ್ನೂ ಹೊಂದಿಸಿರುತ್ತಾರೆ. ನಿಂತಾಗಿನ ಘರ್ಷಣೆ ಹೆಚ್ಚಾದರೆ ಗೇರು ದಡಕ್ಕನೆ ಬೀಳುತ್ತದೆ, ಲಾಕಪ್ ಕ್ಲಚ್ (ಟಾರ್ಕ್ ಕನ್ವರ್ಟರನ್ನು ಎಂಜಿನ್ನಿಗೆ ನೇರವಾಗಿ ಕಟ್ಟುವ ಕ್ಲಚ್) ಇರುವ ಗಾಡಿ ನಡುಗುತ್ತದೆ. ಕಡಿಮೆಯಾದರೆ ಗೇರು ಸ್ಲಿಪ್ ಆಗುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಪ್ಲೇಟು ಸುಡುತ್ತದೆ.

ಆ ನಡುಕವನ್ನು ನಾನು ಅನುಭವಿಸಿದ್ದೇನೆ. ಸೆಕೆಂಡ್‌ಹ್ಯಾಂಡ್ ಕೊಂಡ ಜಪಾನಿ ಸೆಡಾನಿಗೆ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿಕೊಂಡು ಮೈಸೂರು ರಸ್ತೆಗೆ ಬಂದೆ. ಅರವತ್ತರ ವೇಗದಲ್ಲಿ, ಕಾಲು ಇನ್ನೂ ಆಕ್ಸಿಲರೇಟರಿನ ಮೇಲೆ ಹಗುರವಾಗಿ ಇದ್ದಾಗ, ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದಂತೆ ಕಾರು ಅದುರಿತು. ರಸ್ತೆ ನುಣುಪಾಗಿತ್ತು. ಹಿಂತಿರುಗಿ ಕೇಳಿದಾಗ ಮೇಸ್ತ್ರಿ ತೋರಿಸಿದ್ದು ಮೂಲೆಯ ಬ್ಯಾರಲ್ಲನ್ನು: ‘ಇದೇ ಕೆಂಪು ಆಯಿಲ್ ಸಾರ್, ಎಲ್ಲಾ ಗಾಡಿಗೂ ಇದನ್ನೇ ಹಾಕೋದು.’ ಕೆಂಪು ಎಂಬುದು ಗುಣವಲ್ಲ, ಬಣ್ಣ. ಕೆಳಗೆ ತೊಟ್ಟಿಕ್ಕಿದ್ದು ಎಂಜಿನ್ ಆಯಿಲೋ ಗೇರ್‌ಬಾಕ್ಸಿನದೋ ಎಂದು ಗುರುತು ಸಿಗಲಿ ಎಂದು ಬೆರೆಸಿದ ಬಣ್ಣ ಅಷ್ಟೇ. ಒಂದೇ ಕೆಂಪಿನ ಎರಡು ಡಬ್ಬಿಗಳಲ್ಲಿ ಘರ್ಷಣೆಯ ಸ್ವಭಾವ ಪೂರಾ ಬೇರೆ ಇರಬಹುದು.

ಹಾಗಾಗಿ ಹಳೆಯ ಗಾಡಿಯ ಮಾಲೀಕ ತಿಳಿಯಬೇಕಾದದ್ದು ಡಿಪ್‌ಸ್ಟಿಕ್ (ದ್ರವದ ಮಟ್ಟ ನೋಡುವ ಕಡ್ಡಿ) ಮೇಲಿನ ಹೆಸರು ಯಾವ ವಂಶದ್ದು, ಆ ವಂಶದಲ್ಲಿ ಇಂದು ಯಾರು ಉಳಿದಿದ್ದಾರೆ ಎಂಬುದನ್ನು.

ಮೂಲಪುರುಷ ಜನರಲ್ ಮೋಟರ್ಸ್. ಅದರ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಬಂದಿತು. ಅದಕ್ಕೆ ಹೊಂದುವ ದ್ರವಕ್ಕೆ 1949ರಲ್ಲಿ ‘ಟೈಪ್ ಎ’ ಎಂಬ ಮಾನದಂಡ ನಿಗದಿಯಾಯಿತು. 1957ರಲ್ಲಿ ಅದರ ಸುಧಾರಿತ ರೂಪ, 1967ರಲ್ಲಿ ಡೆಕ್ಸ್‌ರಾನ್ ಎಂಬ ಹೆಸರು. ಇಂದು ನಮ್ಮ ಊರುಗಳಲ್ಲಿ ಹವ್ಯಾಸಿಗಳ ಶೆಡ್ಡಿನಲ್ಲಿರುವ ಹಳೆಯ ಷೆವರ್ಲೆಗಳ ಪವರ್‌ಗ್ಲೈಡ್ ಗೇರ್‌ಬಾಕ್ಸುಗಳು ಈ ಕಾಲದವು.

ಆ ದ್ರವಗಳಲ್ಲಿ ತಿಮಿಂಗಿಲವಿತ್ತು. ಸ್ಪರ್ಮ್ ತಿಮಿಂಗಿಲದ ತಲೆಯಿಂದ ತೆಗೆದ ಎಣ್ಣೆ ವಾಸ್ತವದಲ್ಲಿ ದ್ರವರೂಪದ ಮೇಣ. ಅದು ಲೋಹಕ್ಕೆ ಅಂಟಿಕೊಂಡು, ಬಿಸಿಗೆ ಕೆಡದೆ, ಕ್ಲಚ್ಚು ಮೆತ್ತಗೆ ಹಿಡಿಯುವಂತೆ ಮಾಡುತ್ತಿತ್ತು. ಅಷ್ಟು ದೊಡ್ಡ ಪ್ರಾಣಿಯನ್ನು ಕೊಂದು, ಗೇರು ನಯವಾಗಿ ಬೀಳಲೆಂದು ಕಾರಿನ ಹೊಟ್ಟೆಗೆ ಸುರಿದದ್ದನ್ನು ಮೊದಲ ಸಲ ಓದಿದಾಗ ನನಗೆ ಸಂಕಟವಾಗಿತ್ತು. 1970ರಲ್ಲಿ ಅಮೆರಿಕ ಈ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು, ಎಣ್ಣೆಯ ಆಮದು ನಿಂತಿತು. ರಸಾಯನ ತಜ್ಞರು ಬದಲಿಗೆ ಹುಡುಕಾಡಿದರು. ಅದೇ ಬಗೆಯ ಮೇಣ ಕೊಡುವ ಹೊಹೋಬ ಗಿಡದ ಬೀಜದ ಮೇಲೂ ಕಣ್ಣು ಬಿತ್ತು. 1973ರಲ್ಲಿ ಬಂದ ಡೆಕ್ಸ್‌ರಾನ್ 2ರ ಮೊದಲ ರೂಪ ತಿಮಿಂಗಿಲದ ಎಣ್ಣೆ ಇಲ್ಲದೆ ತಯಾರಾದದ್ದು. ಅದು ಕೂಲರಿನ ಹಿತ್ತಾಳೆಯನ್ನೂ ಬೆಸುಗೆಯನ್ನೂ ತಿನ್ನತೊಡಗಿದ್ದರಿಂದ ತುಕ್ಕು ತಡೆಯುವ ರಾಸಾಯನಿಕ ಬೆರೆಸಿ ಮುಂದಿನ ರೂಪ ತರಬೇಕಾಯಿತು. ಒಂದು ಘಟಕ ಬದಲಾದರೆ ಇಡೀ ವ್ಯವಸ್ಥೆ ಹೇಗೆ ಅಲುಗಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1993ರಲ್ಲಿ ಡೆಕ್ಸ್‌ರಾನ್ 3 ಬಂದಿತು. ಮುಂದಿನ ಹತ್ತು ವರ್ಷ ಜಗತ್ತಿನ ಅರ್ಧ ಕಾರುಗಳ ಕೈಪಿಡಿಗಳಲ್ಲಿ ಕಾಣಿಸಿಕೊಂಡ ಹೆಸರು ಅದೇ ಏನೋ ಎನಿಸುವಷ್ಟು ಅದು ಹಬ್ಬಿತು. ನಮ್ಮ ಝೆನ್, ಎಸ್ಟೀಮ್‌ಗಳ ಮೂರು ಗೇರಿನ ಆಟೋಮ್ಯಾಟಿಕ್‌ಗಳೂ ಡೆಕ್ಸ್‌ರಾನ್ ವಂಶದವೇ. 2005ರಲ್ಲಿ ಡೆಕ್ಸ್‌ರಾನ್ 6 ಬಂದ ಮೇಲೆ, 2006ರ ಕೊನೆಗೆ ಜನರಲ್ ಮೋಟರ್ಸ್ ಹಳೆಯ 3ಕ್ಕೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಆಮೇಲೆ ‘ಡೆಕ್ಸ್‌ರಾನ್ 3’ ಎಂದು ಹೇಳಿಕೊಂಡು ಮಾರಾಟವಾಗುವ ದ್ರವ ಚೆನ್ನಾಗಿರಬಹುದು, ಕಳಪೆಯೂ ಇರಬಹುದು. ಅದನ್ನು ಪರೀಕ್ಷಿಸುವ ಯಜಮಾನ ಇಲ್ಲ, ಡಬ್ಬಿಯ ಮೇಲಿನ ಕಂಪನಿಯ ಮಾತೇ ಆಧಾರ. ಪರವಾನಗಿ ಇದ್ದ ಕಾಲದಲ್ಲಿ ಡಬ್ಬಿಯ ಮೇಲೆ ಅದರ ಸಂಖ್ಯೆ ಇರುತ್ತಿತ್ತು. ಡೆಕ್ಸ್‌ರಾನ್ 6ರ ಅಸಲಿ ಡಬ್ಬಿಯ ಮೇಲೆ ಇಂದೂ ‘ಜೆ’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಕೊಳ್ಳುವಾಗ ನೋಡಬಹುದು.

ಫೋರ್ಡ್ ಬೇರೆಯೇ ದಾರಿ ಹಿಡಿಯಿತು. 1967ರ ಅದರ ‘ಟೈಪ್ ಎಫ್’ ದ್ರವದಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರಲಿಲ್ಲ. ಕ್ಲಚ್ಚು ಗಟ್ಟಿಯಾಗಿ, ಥಟ್ಟನೆ ಹಿಡಿಯಬೇಕು ಎಂಬುದು ಅವರ ಲೆಕ್ಕ. ಆ ಗೇರ್‌ಬಾಕ್ಸಿಗೆ ಡೆಕ್ಸ್‌ರಾನ್ ಹಾಕಿದರೆ ಪ್ಲೇಟು ಜಾರಿ ಸುಡುತ್ತದೆ. ಡೆಕ್ಸ್‌ರಾನ್ ಗೇರ್‌ಬಾಕ್ಸಿಗೆ ಟೈಪ್ ಎಫ್ ಹಾಕಿದರೆ ಗೇರು ಏಟು ಕೊಟ್ಟಂತೆ ಬೀಳುತ್ತದೆ. ಎಪ್ಪತ್ತರ ದಶಕದ ಟೊಯೋಟಾ ಮತ್ತು ವೋಲ್ವೋ ಆಟೋಮ್ಯಾಟಿಕ್‌ಗಳಲ್ಲೂ ಅನೇಕವು ಟೈಪ್ ಎಫ್ ಕೇಳುತ್ತವೆ ಎಂಬುದನ್ನು ಹಳೆಯ ಗಾಡಿ ಕೊಂಡವರು ಮರೆಯಬಾರದು. ಮುಂದೆ ಫೋರ್ಡ್ ಕೂಡ ಮೆತ್ತನೆಯ ದಾರಿಗೆ ಬಂದು 1987ರಲ್ಲಿ ಮರ್ಕಾನ್, ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಮರ್ಕಾನ್ 5 ತಂದಿತು. ಹಳೆಯ ಮರ್ಕಾನಿಗೆ ಪರವಾನಗಿ ನಿಲ್ಲಿಸಿ ಅದರ ಜಾಗಕ್ಕೆ 5ನ್ನು ಕೂರಿಸಿತು. ಆದರೆ ಟೈಪ್ ಎಫ್ ಗೇರ್‌ಬಾಕ್ಸಿಗೆ ಮರ್ಕಾನ್ ವಾರಸುದಾರನಲ್ಲ. ಅದಕ್ಕೆ ಇಂದಿಗೂ ಟೈಪ್ ಎಫ್ ಎಂದೇ ಮಾರುವ ದ್ರವವೇ ಬೇಕು.

ಕ್ರೈಸ್ಲರ್ ವಂಶದ ಹೆಸರು ಎಟಿಎಫ್ ಪ್ಲಸ್. 1989ರಲ್ಲಿ ಬಂದ ಅದರ ಎಲೆಕ್ಟ್ರಾನಿಕ್ ನಿಯಂತ್ರಣದ ನಾಲ್ಕು ಗೇರಿನ ಪೆಟ್ಟಿಗೆ ತನ್ನದೇ ದ್ರವವನ್ನು ಬೇಡುತ್ತಿತ್ತು. ಸುಲಭಕ್ಕೆ ಸಿಕ್ಕಿದ ಡೆಕ್ಸ್‌ರಾನ್ ಸುರಿಸಿಕೊಂಡವು ನಡುಗಿದವು, ಕೆಟ್ಟವು, ಪೆಟ್ಟಿಗೆಗೇ ಕೆಟ್ಟ ಹೆಸರು ಬಂದಿತು. ಇಂದು ಆ ಸಾಲಿಗೆಲ್ಲ ಎಟಿಎಫ್ ಪ್ಲಸ್ 4. ಆದರೆ ಇಲ್ಲೊಂದು ಬಲೆ ಇದೆ. 1987ರಿಂದ 2001ರವರೆಗಿನ ಜೀಪ್ ಚೆರೋಕಿಯಲ್ಲಿ ಇದ್ದ ಎಡಬ್ಲ್ಯು 4 ಎಂಬ ಗೇರ್‌ಬಾಕ್ಸ್ ಮಾಡಿದ್ದು ಜಪಾನಿನ ಐಸಿನ್. ಅದು ಡೆಕ್ಸ್‌ರಾನ್ ಕುಡಿಯುವ ಗೇರ್‌ಬಾಕ್ಸ್. ಜೀಪ್ ಎಂದರೆ ಕ್ರೈಸ್ಲರ್, ಕ್ರೈಸ್ಲರ್ ಎಂದರೆ ಪ್ಲಸ್ 4 ಎಂದು ಲೆಕ್ಕ ಹಾಕಿದವರು ಇಲ್ಲಿ ಎಡವುತ್ತಾರೆ. ಬಾನೆಟ್ಟಿನ ಮೇಲಿನ ಲಾಂಛನವನ್ನಲ್ಲ, ಗೇರ್‌ಬಾಕ್ಸ್ ಮಾಡಿದವರು ಯಾರು ಎಂಬುದನ್ನು ನೋಡಬೇಕು. ಐಸಿನ್ ತನ್ನ ಗೇರ್‌ಬಾಕ್ಸುಗಳನ್ನು ಟೊಯೋಟಾ, ವೋಲ್ವೋ, ಫೋಕ್ಸ್‌ವ್ಯಾಗನ್, ಸುಜುಕಿ ಎಲ್ಲರಿಗೂ ಕೊಟ್ಟಿದೆ. ಟೊಯೋಟಾದ ಡಿಪ್‌ಸ್ಟಿಕ್ ಮೇಲೆ ‘ಟೈಪ್ ಟಿ-4’ ಎಂದಿರುವ ದ್ರವವೇ ಬೇರೆ ಕಾರುಗಳ ಕೈಪಿಡಿಯಲ್ಲಿ ‘ಜೆಡಬ್ಲ್ಯುಎಸ್ 3309’ ಎಂಬ ಹೆಸರಿನಲ್ಲಿ ಇರುತ್ತದೆ. ಈ ಸಂಖ್ಯೆ ಗೊತ್ತಿದ್ದರೆ ಕಾರಿನ ಕಂಪನಿಯ ಡಬ್ಬಿ ಸಿಗದಿದ್ದಾಗಲೂ ಸರಿಯಾದದ್ದನ್ನು ಹುಡುಕಬಹುದು.

ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವುದು ಜಪಾನಿ ಮತ್ತು ಕೊರಿಯನ್ ಸಾಲು. ಟೊಯೋಟಾ ತೊಂಬತ್ತರ ದಶಕದಲ್ಲಿ ಬಹುಮಟ್ಟಿಗೆ ಡೆಕ್ಸ್‌ರಾನ್ ಕೇಳುತ್ತಿತ್ತು, ಆಮೇಲೆ ಟಿ-4, ಅದರ ನಂತರ ಡಬ್ಲ್ಯುಎಸ್ ಎಂಬ ತೆಳ್ಳನೆಯ ದ್ರವ. ಒಂದೇ ಹೆಸರಿನ ಕಾರು ಎರಡು ಇಸವಿಗಳಲ್ಲಿ ಎರಡು ದ್ರವ ಕೇಳಬಹುದು. ಜೊತೆಗೆ, ತೊಂಬತ್ತರ ದಶಕದ ಕೆಲವು ಕೊರೊಲಾ ಮತ್ತು ಕ್ಯಾಮ್ರಿಗಳಲ್ಲಿ ಡಿಫರೆನ್ಷಿಯಲ್ಲಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಡ್ರೇನ್ ನಟ್ ಇದೆ. ಗೇರ್‌ಬಾಕ್ಸಿನದನ್ನು ಬದಲಾಯಿಸಿ ಇದನ್ನು ಮರೆತ ಗ್ಯಾರೇಜುಗಳು ಎಷ್ಟೋ. ಹೋಂಡಾದ ಗೇರ್‌ಬಾಕ್ಸ್ ರಚನೆಯೇ ಬೇರೆ, ಅದರಲ್ಲಿ ಉಳಿದವರಂತೆ ಗ್ರಹಚಕ್ರಗಳ ಜೋಡಣೆ ಇಲ್ಲ, ಸಮಾನಾಂತರ ಶಾಫ್ಟುಗಳ ಮೇಲೆ ಒಂದೊಂದು ಗೇರಿಗೂ ಕ್ಲಚ್ಚು. ಅದಕ್ಕೆ ಜೆಡ್-1 ಎಂಬ ದ್ರವವಿತ್ತು, 2011ರ ಸುಮಾರಿಗೆ ಅದರ ಜಾಗಕ್ಕೆ ಡಿಡಬ್ಲ್ಯು-1 ಬಂದಿತು. ಹಳೆಯ ಹೋಂಡಾಗೆ ಡಿಡಬ್ಲ್ಯು-1 ಹಾಕಲು ಕಂಪನಿಯೇ ಹೇಳಿದೆ, ಅಲ್ಲಿ ಗೊಂದಲವಿಲ್ಲ. ಮಿತ್ಸುಬಿಷಿ ಮತ್ತು ಹ್ಯುಂಡೈಗಳ ನಾಲ್ಕು ಗೇರಿನ ಹಳೆಯ ಗೇರ್‌ಬಾಕ್ಸುಗಳಿಗೆ, ನಮ್ಮ ಐ10 ಆಟೋಮ್ಯಾಟಿಕ್ ಸೇರಿದಂತೆ, ಎಸ್‌ಪಿ-3.

ಈಗ ಚರ್ಚೆಯ ಬಿಸಿ ಇರುವ ಜಾಗ. ಹೊಸ ದ್ರವಗಳು ತೆಳ್ಳಗೆ. ಡೆಕ್ಸ್‌ರಾನ್ 3 ಹೊಸದಾಗಿದ್ದಾಗ ನೂರು ಡಿಗ್ರಿ ಶಾಖದಲ್ಲಿ ಏಳೂವರೆ ಸೆಂಟಿಸ್ಟೋಕ್ಸ್ ಆಸುಪಾಸಿನ ದಪ್ಪ. ಡೆಕ್ಸ್‌ರಾನ್ 6ಕ್ಕೆ ಅದೇ ಶಾಖದಲ್ಲಿ 6.4 ಗರಿಷ್ಠ ಮಿತಿ. ಟೊಯೋಟಾದ ಡಬ್ಲ್ಯುಎಸ್ ಐದೂವರೆಯ ಹತ್ತಿರ. ತೆಳ್ಳಗಾದಷ್ಟೂ ಪಂಪಿಗೆ ಶ್ರಮ ಕಡಿಮೆ, ಪೆಟ್ರೋಲ್ ಉಳಿತಾಯ. ಹಳೆಯ ಗಾಡಿಯವರ ಆತಂಕ ಸಹಜವಾದದ್ದು: ಮೂವತ್ತು ವರ್ಷದ ಪಂಪು, ಗಡಸಾದ ಸೀಲುಗಳು, ಸವೆದ ವಾಲ್ವುಗಳ ಸಂದಿಯಲ್ಲಿ ತೆಳ್ಳನೆಯ ದ್ರವ ಸೋರಿ ಒತ್ತಡ ಬೀಳುವುದಿಲ್ಲವೇ? ಡೆಕ್ಸ್‌ರಾನ್ 6ನ್ನು ಹಳೆಯ 2, 3ರ ಜಾಗಕ್ಕೆ ಹಾಕಬಹುದು ಎಂದು ಜನರಲ್ ಮೋಟರ್ಸ್ ಹೇಳುತ್ತದೆ. ಅವರ ವಾದದಲ್ಲಿ ಹುರುಳಿದೆ. ಡೆಕ್ಸ್‌ರಾನ್ 3ರ ದಪ್ಪ ಬಳಕೆಯಲ್ಲಿ ಬೇಗ ಇಳಿಯುತ್ತಿತ್ತು, ಗೇರುಗಳ ನಡುವೆ ಅರೆದು ಅದರ ಪಾಲಿಮರ್ ಸರಪಳಿಗಳು ತುಂಡಾಗುತ್ತಿದ್ದವು. 6 ಶುರುವಿಗೆ ತೆಳ್ಳಗಿದ್ದರೂ ಕೊನೆಯವರೆಗೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದರೆ ಈ ಮಾತು ಜನರಲ್ ಮೋಟರ್ಸ್ ತನ್ನ ಗೇರ್‌ಬಾಕ್ಸುಗಳ ಬಗ್ಗೆ ಹೇಳಿದ್ದು. ಕೈಪಿಡಿಯಲ್ಲಿ ಡೆಕ್ಸ್‌ರಾನ್ 3 ಎಂದು ಬರೆದ ಜಪಾನಿ ಅಥವಾ ಜರ್ಮನ್ ಕಂಪನಿ ಆ ಭರವಸೆಗೆ ಸಹಿ ಹಾಕಿಲ್ಲ. ಆದ್ದರಿಂದ ನನ್ನ ಆಯ್ಕೆ ಹೀಗೆ: ಡೆಕ್ಸ್‌ರಾನ್ ಕೇಳುವ ಜನರಲ್ ಮೋಟರ್ಸ್‌ನ ಹಳೆಯ ಗಾಡಿಗೆ 6 ನಿಶ್ಚಿಂತೆ. ಬೇರೆಯವರ ಹಳೆಯ ಗೇರ್‌ಬಾಕ್ಸಿಗೆ, ಅದರಲ್ಲೂ ನಮ್ಮ ಬಿಸಿಲಿಗೆ, ಹೆಸರಾಂತ ಕಂಪನಿ ತಯಾರಿಸಿದ 3ರ ದಪ್ಪದ ದ್ರವ. ಟಿ-4 ಕೇಳುವ ಗೇರ್‌ಬಾಕ್ಸಿಗೆ ಡಬ್ಲ್ಯುಎಸ್ ಬೇಡ, ಎರಡನ್ನೂ ಬೆರೆಸಲೇಬಾರದು.

‘ಎಲ್ಲಕ್ಕೂ ಆಗುತ್ತದೆ’ ಎಂಬ ಡಬ್ಬಿಗಳ ಬಗ್ಗೆ ಎರಡು ಪಕ್ಷಗಳಿವೆ, ಎರಡೂ ಗಟ್ಟಿಯಾಗಿ ಮಾತಾಡುತ್ತವೆ. ನಾನು ನೋಡಿದಂತೆ, ಪ್ರಾಮಾಣಿಕ ತಯಾರಕರ ಇಂಥ ದ್ರವಗಳು ಡೆಕ್ಸ್‌ರಾನ್, ಮರ್ಕಾನ್, ಟಿ-4, ಎಸ್‌ಪಿ-3ರಂಥ ಹತ್ತಿರದ ಬಂಧುಗಳ ಮಟ್ಟಿಗೆ ಕೆಲಸ ಮಾಡುತ್ತವೆ. ಡಬ್ಬಿಯ ಭಾಷೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ‘ಅನುಮೋದಿತ’ ಎಂದರೆ ಗೇರ್‌ಬಾಕ್ಸಿನ ಕಂಪನಿ ಪರೀಕ್ಷಿಸಿ ಒಪ್ಪಿದೆ ಎಂದರ್ಥ. ‘ಬಳಕೆಗೆ ಸೂಕ್ತ’ ಎಂದರೆ ಆಯಿಲ್ ಮಾರುವವರೇ ಹಾಗೆ ನಂಬಿದ್ದಾರೆ ಎಂದರ್ಥ. ಅದೇ ಡಬ್ಬಿ ಟೈಪ್ ಎಫ್‌ಗೂ ಸೂಕ್ತ, ಸಿವಿಟಿಗೂ ಸೂಕ್ತ ಎಂದರೆ ಕೆಳಗಿಟ್ಟುಬಿಡಿ.

ಸಿವಿಟಿಯ, ಅಂದರೆ ಗೇರುಗಳ ಬದಲು ಬೆಲ್ಟು ಮತ್ತು ಪುಲ್ಲಿಗಳಿಂದ ನಡೆಯುವ ಗೇರ್‌ಬಾಕ್ಸಿನ, ಮಾತು ಬಂತು. ಅದರಲ್ಲಿ ಕ್ಲಚ್ ಪ್ಲೇಟಿನ ಕಾಗದ ಉಕ್ಕನ್ನು ಹಿಡಿಯುವುದಕ್ಕಿಂತ ಮುಖ್ಯವಾದದ್ದು ಉಕ್ಕಿನ ಬೆಲ್ಟು ಉಕ್ಕಿನ ಪುಲ್ಲಿಯನ್ನು ಜಾರದೆ ಹಿಡಿಯುವುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಸಾಮಾನ್ಯ ದ್ರವ (ಎಟಿಎಫ್) ಹಾಕಿದರೆ ಬೆಲ್ಟು ಜಾರಿ ಪುಲ್ಲಿಯ ಮೇಲೆ ಗೀರು ಬೀಳುತ್ತದೆ, ಆಮೇಲೆ ರಿಪೇರಿ ಎಂಬುದಿಲ್ಲ. 2003ರ ನಂತರದ ಹೋಂಡಾ ಸಿಟಿಯ ಹಳೆಯ ಸಿವಿಟಿಗಳನ್ನು ಇಂದು ಕಡಿಮೆ ಬೆಲೆಗೆ ಕೊಳ್ಳುವವರಿಗೆ ಇದನ್ನು ಒತ್ತಿ ಹೇಳಬೇಕು. ಇನ್ನು 2014ರಲ್ಲಿ ಸೆಲೆರಿಯೋದಿಂದ ಜನಪ್ರಿಯವಾದ ಎಎಂಟಿಯನ್ನೂ ಜನ ಆಟೋಮ್ಯಾಟಿಕ್ ಎನ್ನುತ್ತಾರೆ. ಅದರೊಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್, ಅದಕ್ಕೆ ಬೇಕಾದ್ದು ಗೇರ್ ಆಯಿಲ್. ಕ್ಲಚ್ಚನ್ನು ಒತ್ತುವ ಯಂತ್ರಕ್ಕೆ ಬೇರೆಯದೇ ದ್ರವ.

ದ್ರವ ಗೊತ್ತಾದ ಮೇಲೆ ಹಳೆಯ ಗಾಡಿಯಲ್ಲಿ ಬದಲಾಯಿಸುವುದೋ ಬೇಡವೋ ಎಂಬ ಭಯ ಉಳಿಯುತ್ತದೆ. ‘ಲಕ್ಷ ಕಿಲೋಮೀಟರ್ ಮುಟ್ಟದೆ ಓಡಿದೆ, ಈಗ ಮುಟ್ಟಿದರೆ ಗೇರ್‌ಬಾಕ್ಸ್ ಹೋಗುತ್ತದೆ’ ಎಂದು ಅನುಭವಿ ಮೇಸ್ತ್ರಿಗಳೇ ಹೇಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಹಾಗೆ ಕೆಟ್ಟ ಗಾಡಿಗಳಲ್ಲಿ ಬಹುಪಾಲು ಆಗಲೇ ಸ್ಲಿಪ್ ಆಗುತ್ತಿದ್ದು, ಅದನ್ನು ಸರಿಪಡಿಸಲೆಂದೇ ಆಯಿಲ್ ಬದಲಾಯಿಸಿಕೊಂಡವು. ಸುಟ್ಟ ಪ್ಲೇಟಿಗೆ ಹೊಸ ದ್ರವ ಜೀವ ತುಂಬುವುದಿಲ್ಲ. ಡಿಪ್‌ಸ್ಟಿಕ್ಕಿನ ಹನಿಯನ್ನು ಬಿಳಿ ಕಾಗದದ ಮೇಲೆ ಒತ್ತಿ ನೋಡಿ. ಕಂದುಗೆಂಪಾಗಿದ್ದು ಗೇರು ಸರಿಯಾಗಿ ಬೀಳುತ್ತಿದ್ದರೆ ಬದಲಾಯಿಸಿ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಕರಿಯ ಪುಡಿ ಕಂಡು, ಗೇರೂ ಜಾರುತ್ತಿದ್ದರೆ ದ್ರವದ ಹಣ ಉಳಿಸಿ ಗೇರ್‌ಬಾಕ್ಸ್ ಬಿಚ್ಚುವ ಲೆಕ್ಕ ಮಾಡಿ. ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಸೀಳಿ ನೀರು ಸೇರಿದೆ, ಗಾಡಿಯನ್ನು ಇನ್ನು ಒಂದು ಕಿಲೋಮೀಟರೂ ಓಡಿಸಬೇಡಿ. ‘ಜೀವಮಾನಕ್ಕೆ ಒಮ್ಮೆ’ ಎಂದು ಕಾರು ಕಂಪನಿ ಬರೆದ ದ್ರವವನ್ನೂ ನಾನು ನಂಬುವುದಿಲ್ಲ. ಜರ್ಮನ್ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಬದಲಾಯಿಸಲು ಹೇಳುತ್ತದೆ.

ಬದಲಾಯಿಸುವುದರಲ್ಲಿ ಒಂದು ಗಣಿತವಿದೆ. ಡ್ರೇನ್ ನಟ್ ಬಿಚ್ಚಿದರೆ ಚೇಂಬರಿನದು ಮಾತ್ರ ಬರುತ್ತದೆ, ಟಾರ್ಕ್ ಕನ್ವರ್ಟರಿನದೂ ಕೂಲರಿನದೂ ಒಳಗೇ ಉಳಿಯುತ್ತದೆ. ಎಂಟು ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಸುಮಾರು 3.2 ಲೀಟರ್ ಬಂತು ಎನ್ನಿ, ಅಂದರೆ ನೂರಕ್ಕೆ ನಲವತ್ತು. ಒಮ್ಮೆ ಬದಲಾಯಿಸಿದರೆ ಹಳೆಯದು ಅರವತ್ತು ಪಾಲು ಉಳಿಯಿತು, ಎರಡನೇ ಸಲಕ್ಕೆ ಮೂವತ್ತಾರು, ಮೂರನೇ ಸಲಕ್ಕೆ ಇಪ್ಪತ್ತೆರಡರ ಹತ್ತಿರ. ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿ ಹೀಗೆ ಮೂರು ಸಲ ಮಾಡುವುದು ಹಳೆಯ ಗೇರ್‌ಬಾಕ್ಸಿಗೆ ಮೃದುವಾದ ದಾರಿ. ಯಂತ್ರ ಹಚ್ಚಿ ಒತ್ತಡದಿಂದ ಒಂದೇ ಸಲ ತೊಳೆಸುವುದಕ್ಕಿಂತ ನನಗೆ ಇದು ಹಿತ. ನನ್ನ ಸೆಡಾನಿನ ನಡುಕ ಹೋದದ್ದೂ ಹೀಗೆಯೇ. ಸರಿಯಾದ ದ್ರವದ ಮೊದಲ ಬದಲಾವಣೆಗೆ ಅರ್ಧ ತಗ್ಗಿತು, ಮೂರನೆಯದಾದ ಮೇಲೆ ಮತ್ತೆ ಕಾಣಿಸಲಿಲ್ಲ.

ಮಟ್ಟ ನೋಡುವ ಕ್ರಮ ಕೂಡ ವಂಶದಿಂದ ವಂಶಕ್ಕೆ ಬೇರೆ. ಬಹುಪಾಲು ಗಾಡಿಗಳಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿ, ಎಂಜಿನ್ ಓಡುತ್ತಿದ್ದು, ಲಿವರ್ ಪಾರ್ಕಿನಲ್ಲಿರಬೇಕು. ಕ್ರೈಸ್ಲರಿನ ಹಳೆಯ ಹಿಂಚಕ್ರ ಎಳೆತದವುಗಳಲ್ಲಿ ನ್ಯೂಟ್ರಲ್. ಹೋಂಡಾದಲ್ಲಿ ಬಿಸಿಯಾದ ಎಂಜಿನ್ ನಿಲ್ಲಿಸಿ ಒಂದು ಒಂದೂವರೆ ನಿಮಿಷದೊಳಗೆ. ತಪ್ಪು ಕ್ರಮದಲ್ಲಿ ನೋಡಿ ಒಂದು ಲೀಟರ್ ಹೆಚ್ಚು ಸುರಿದರೆ ತಿರುಗುವ ಗೇರುಗಳು ದ್ರವವನ್ನು ನೊರೆ ಮಾಡುತ್ತವೆ, ನೊರೆಯಿಂದ ಒತ್ತಡ ಬರುವುದಿಲ್ಲ.

ದ್ರವದ ಆಯುಸ್ಸನ್ನು ತಿನ್ನುವುದು ಕಿಲೋಮೀಟರಿಗಿಂತ ಹೆಚ್ಚಾಗಿ ಶಾಖ. ಎಂಬತ್ತು ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಗೇರ್‌ಬಾಕ್ಸ್ ಕೆಲಸದವರ ಅಂದಾಜು ಸೂತ್ರ. ತುಂಬಿದ ಗಾಡಿಯಲ್ಲಿ ಲಾರಿಗಳ ಹಿಂದೆ ಶಿರಾಡಿ ಹತ್ತುವಾಗ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಡಿ ಗೇರಿನಲ್ಲೇ ತೆವಳುವಾಗ ಟಾರ್ಕ್ ಕನ್ವರ್ಟರ್ ದ್ರವವನ್ನು ಕಡೆಯುತ್ತಲೇ ಇರುತ್ತದೆ, ಆ ಶಾಖಕ್ಕೆ ಹೋಗಲು ಗಾಳಿ ಇರುವುದಿಲ್ಲ. ಘಾಟಿಯಲ್ಲಿ ಲಿವರನ್ನು 2ಕ್ಕೋ ಎಲ್‌ಗೋ ಇಳಿಸಿದರೆ ಗೇರು ಮೇಲೆ ಕೆಳಗೆ ಹುಡುಕಾಡುವುದು ನಿಂತು ಶಾಖ ಕಡಿಮೆಯಾಗುತ್ತದೆ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೆ ಮೊದಲು ಅದನ್ನು ತೆರವು ಮಾಡಿಸಿ, ಆಮೇಲೆ ದ್ರವಕ್ಕೆ ದುಡ್ಡು ಹಾಕಿ. ನಾನು ನಮ್ಮ ಗಾಡಿಗೆ ವರ್ಷಕ್ಕೊಮ್ಮೆ ಚೇಂಬರಿನದನ್ನು ಬದಲಾಯಿಸುತ್ತೇನೆ. ಹಾಕಿದ ದ್ರವದ ಹೆಸರು, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಎಂದು ಬರೆದ ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸಿದ್ದೇನೆ. ಗಾಡಿ ಇನ್ನೊಬ್ಬರ ಕೈಗೆ ಹೋದರೂ ಅವರ ಮೇಸ್ತ್ರಿ ಬ್ಯಾರಲ್ಲಿನ ಕಡೆ ತಿರುಗುವ ಮುನ್ನ ಅದನ್ನು ಓದಲಿ ಎಂದು.